‘ಬೂಢೀ ಕಾಕಿ’ ಕಥೆ ಓದೋದು ಹೇಗೆ: ಒಂದು ಮನೆ, ಒಂದು ರಾತ್ರಿ, ಎಲ್ಲರ ಸ್ವಾರ್ಥ

ಹಿಂದಿ ಲೇಖಕ ಪ್ರೇಮಚಂದ್ ಅವರ ‘ಬೂಢೀ ಕಾಕಿ’ (ಅಂದ್ರೆ ಮುದುಕಿ ಚಿಕ್ಕಮ್ಮ) ಕಥೆ ಓದಿದ ತುಂಬ ಜನ ಕೊನೇಲಿ ಕಣ್ಣೊರೆಸ್ಕೊಂಡು, ಪಾಪ ಮುದುಕಿ, ಎಂಥಾ ಗಯ್ಯಾಳಿ ಸೊಸೆ ಸಿಕ್ಕಿದ್ಳು ನೋಡಿ ಅಂತ ಹೇಳಿ ಪುಸ್ತಕ ಮುಚ್ಚಿಡ್ತಾರೆ. ಕಣ್ಣೀರು ಬರಲಿ, ಬರಬೇಕಾದ ಕಥೆನೇ ಅದು, ಆದ್ರೆ ಅಷ್ಟಕ್ಕೇ ನಿಂತ್ರೆ ಕಥೆಯ ಅರ್ಧ ಭಾಗ ಕೈಗೆ ಸಿಗಲ್ಲ, ಯಾಕಂದ್ರೆ ಆ ಮನೇಲಿ ಸ್ವಾರ್ಥ ಇಲ್ಲದೋರು ಒಬ್ಬರೂ ಇಲ್ಲ, ಮುದುಕಿಗೂ ಇದೆ, ಪುಟ್ಟ ಹುಡುಗಿಗೂ ಇದೆ, ಕೊನೇಲಿ ಕೈಯೆತ್ತಿ ಅಳೋ ಸೊಸೆ ರೂಪಾಗೂ ಇದೆ. ವ್ಯತ್ಯಾಸ ಇರೋದು ಯಾರ ಸ್ವಾರ್ಥದ ಹಿಂದೆ ಜಮೀನಿದೆ, ಯಾರದ್ದರ ಹಿಂದೆ ಬರೀ ಹಸಿವಿದೆ ಅನ್ನೋದ್ರಲ್ಲಿ. ಈ ಎಳೆ ಹಿಡ್ಕೊಂಡು ಕಥೆನ ಹೇಗೆ ಓದ್ಬೇಕು, ಓದುಬಳಗದಲ್ಲೋ ಕ್ಲಾಸಲ್ಲೋ ಮನೇಲೋ ಹೇಗೆ ಮಾತಾಡ್ಬೇಕು, ಎಕ್ಸಾಮ್‌ಗೋ ಲೇಖನಕ್ಕೋ ಹೇಗೆ ಬರೀಬೇಕು ಅಂತ ಹೇಳೋಕೆ ಇದನ್ನ ಬರೀತಿದ್ದೀನಿ.

ಮೊದಲು ಕಥೆ ಸಿಗೋ ವಿಷಯ. ಪ್ರೇಮಚಂದ್ ಹುಟ್ಟಿದ್ದು 1880ರ ಜುಲೈ 31, ಕಾಶಿ ಹತ್ರದ ಲಮಹಿ ಅನ್ನೋ ಹಳ್ಳೀಲಿ, ತೀರ್ಕೊಂಡಿದ್ದು 1936ರ ಅಕ್ಟೋಬರ್ 8. ನಮ್ಮ ದೇಶದ ಕಾನೂನು ಪ್ರಕಾರ ಲೇಖಕರು ತೀರಿಹೋಗಿ 60 ವರ್ಷ ಆದ್ಮೇಲೆ ಕಾಪಿರೈಟ್ ಮುಗಿಯುತ್ತೆ, ಹಾಗಾಗಿ ಹಿಂದಿ ಮೂಲ ಈಗ ಯಾರು ಬೇಕಾದ್ರೂ ಫ್ರೀಯಾಗಿ ಓದ್ಬಹುದು, ಪ್ರಿಂಟ್ ತೆಗೆದು ಹಂಚ್ಬಹುದು. ಅನುವಾದಗಳ ಹಕ್ಕು ಬೇರೆ, ಅದನ್ನ ಜೆರಾಕ್ಸ್ ಮಾಡಿ ಹಂಚೋ ಮುಂಚೆ ಯೋಚ್ನೆ ಮಾಡಿ. ನಮ್ಮಲ್ಲಿ ಎಷ್ಟೋ ಜನ ಸ್ಕೂಲಲ್ಲಿ ಹಿಂದಿ ಮೂರನೇ ಭಾಷೆಯಾಗಿ ಓದಿದೋರೇ, ನಿಧಾನ ಆದ್ರೂ ಪರ್ವಾಗಿಲ್ಲ ಒಂದ್ಸಲ ಮೂಲದಲ್ಲೇ ಓದೋಕೆ ಟ್ರೈ ಮಾಡಿ. ಚಿಕ್ಕ ಕಥೆ ಅದು, ಜೋರಾಗಿ ಓದಿದ್ರೂ ಒಂದೇ ಕೂತಲ್ಲಿ ಮುಗಿಯುತ್ತೆ. ಮೊದಲ ಸಲ ಓದುವಾಗ ಪೆನ್ಸಿಲ್ ಹಿಡೀಬೇಡಿ, ಮಧ್ಯೆ ನಿಲ್ಲಿಸಿ ಚರ್ಚೆನೂ ಮಾಡ್ಬೇಡಿ, ಕಥೆ ತನ್ನ ಕೆಲಸ ತಾನು ಮಾಡ್ಕೊಳ್ಳಲಿ.

ಓದಿ ತುಂಬ ದಿನ ಆಗಿರೋರಿಗೆ ಬೇಗ ಒಂದ್ಸಲ ನೆನಪಿಸ್ತೀನಿ. ಉತ್ತರ ಭಾರತದ ಒಂದು ಹಳ್ಳಿ, ಪಂಡಿತ ಬುದ್ಧಿರಾಮನ ಮನೆ. ಅವನ ಕಾಕಿಗೆ ಗಂಡ ಸತ್ತು ಯಾವ ಕಾಲ ಆಯ್ತೋ, ಬೆಳೆದ ಗಂಡುಮಕ್ಕಳೂ ಒಬ್ಬೊಬ್ಬರಾಗಿ ಹೋದ್ರು, ಉಳಿದೋನು ಈ ಬುದ್ಧಿರಾಮ ಒಬ್ಬನೇ, ಆಸ್ತಿ ಎಲ್ಲ ಅವನ ಹೆಸರಿಗೆ ಬರೆದುಕೊಟ್ಟಿದ್ದಾಳೆ. ಈಗ ಕಣ್ಣಿಲ್ಲ, ಕೈಕಾಲಲ್ಲಿ ಶಕ್ತಿ ಇಲ್ಲ, ಉಳಿದಿರೋದು ನಾಲಿಗೆ ರುಚಿ ಒಂದೇ, ಊಟದ ಹೊತ್ತು ಮೀರಿದ್ರೆ, ಸಾಕಾಗೋಷ್ಟು ಹಾಕದಿದ್ರೆ ಗಂಟಲು ಹರ್ಕೊಂಡು ಅಳ್ತಾಳೆ. ಒಂದಿನ ಬುದ್ಧಿರಾಮನ ದೊಡ್ಡ ಮಗ ಸುಖರಾಮನ ತಿಲಕ, ಅಂದ್ರೆ ಹೆಣ್ಣಿನ ಕಡೆಯೋರು ಗಂಡಿನ ಮನೆಗೆ ಬಂದು ತಿಲಕ ಇಟ್ಟು ಉಡುಗೊರೆ ಕೊಟ್ಟು ಸಂಬಂಧ ಗಟ್ಟಿ ಮಾಡೋ ಶಾಸ್ತ್ರ. ಪೂರಿ ಕರಿಯೋ ವಾಸನೆ ಕಾಕಿ ಕೋಣೆಗೆ ಬರುತ್ತೆ. ಅವಳು ತೆವಳ್ಕೊಂಡು ಎರಡು ಸಲ ಹೊರಗೆ ಬರ್ತಾಳೆ, ಮೊದಲ ಸಲ ಬುದ್ಧಿರಾಮನ ಹೆಂಡ್ತಿ ರೂಪಾ ಬೈದು ಕಳಿಸ್ತಾಳೆ, ಎರಡನೇ ಸಲ ಬುದ್ಧಿರಾಮ ಎಲ್ಲರೆದುರು ಎಳ್ಕೊಂಡು ಹೋಗಿ ಕೋಣೇಲಿ ಎಸೀತಾನೆ. ರಾತ್ರಿ ಅವರ ಪುಟ್ಟ ಮಗಳು ಲಾಡ್ಲಿ ಗುಟ್ಟಾಗಿ ತಂದ ಸ್ವಲ್ಪ ಪೂರಿ ತಿಂದು ಹಸಿವು ಇನ್ನೂ ಜಾಸ್ತಿಯಾಗಿ, ಕಾಕಿ ನೆಂಟರು ಉಂಡೆದ್ದ ಎಂಜಲೆಲೆ ಹತ್ರ ಹೋಗಿ ಕೂರ್ತಾಳೆ, ಅದನ್ನ ರೂಪಾ ನೋಡ್ತಾಳೆ, ತಪ್ಪು ಅರಿವಾಗಿ ಊಟ ತಂದಿಡ್ತಾಳೆ.

ಎರಡನೇ ಸಲ ಓದುವಾಗ ಪೆನ್ಸಿಲ್ ತಗೊಳ್ಳಿ, ಮತ್ತೆ ಅಳುವಿಗಿಂತ ಮುಂಚೆ ಜಮೀನಿನ ಲೆಕ್ಕ ನೋಡಿ. ಕಥೇಲಿ ಒಂದು ಅಂಕಿ ಇದೆ, ಬಹಳ ಜನ ಅದನ್ನ ದಾಟ್ಕೊಂಡು ಹೋಗ್ತಾರೆ: ಆ ಆಸ್ತಿಯಿಂದ ವರ್ಷಕ್ಕೆ 150ರಿಂದ 200 ರೂಪಾಯಿ ಆದಾಯ. ಅದರ ಕೆಳಗೆ ಗೆರೆ ಎಳೀರಿ. ಮತ್ತೆ ಕೊನೇ ಭಾಗದಲ್ಲಿ ರೂಪಾ ತನ್ನನ್ನ ತಾನೇ ಬೈಕೊಳ್ಳುವಾಗ ಇದೇ 200 ರೂಪಾಯಿ ಅವಳ ಬಾಯಲ್ಲಿ ಬರುತ್ತೆ, ಅಲ್ಲೂ ಗೆರೆ ಎಳೀರಿ. ಅಂದ್ರೆ ಆ ಮನೇಲಿ ಈ ದುಡ್ಡಿನ ಲೆಕ್ಕ ಎಲ್ಲರಿಗೂ ಗೊತ್ತಿತ್ತು, ಮರೆತಿದ್ದು ಯಾರೂ ಅಲ್ಲ.

ಆಸ್ತಿ ಬರೆಸ್ಕೊಳ್ಳುವಾಗ ಬುದ್ಧಿರಾಮ ಉದ್ದುದ್ದ ಭರವಸೆ ಕೊಟ್ಟಿದ್ದ, ಅವೆಲ್ಲ ಕೂಲಿ ಡಿಪೋ ದಲ್ಲಾಳಿಗಳು ತೋರಿಸೋ ಹಸಿರು ತೋಟದ ಥರ ಇತ್ತು ಅಂತ ಪ್ರೇಮಚಂದ್ ಬರೀತಾರೆ. ಈ ಹೋಲಿಕೆ ಇವತ್ತಿನ ಓದುಗರಿಗೆ ತಟ್ಟಲ್ಲ, ಆದ್ರೆ ಆಗಿನೋರಿಗೆ ನೇರ ಎದೆಗೆ ಬಡೀತಿತ್ತು. 1834ರಿಂದ ಶುರುವಾಗಿ ಮಾರಿಷಸ್, ಟ್ರಿನಿಡಾಡ್, ಸುರಿನಾಮ್, ಫಿಜಿಗೆ ಕಬ್ಬಿನ ತೋಟದ ಕೆಲಸಕ್ಕೆ ಅಂತ ಲಕ್ಷಾಂತರ ಜನಾನ ಹಡಗು ಹತ್ತಿಸಿದ್ರಲ್ಲ, ಅವರಲ್ಲಿ ಬಹಳಷ್ಟು ಜನ ಪ್ರೇಮಚಂದ್ ಅವರ ಸೀಮೆಯೋರೇ, ಈಗಿನ ಉತ್ತರ ಪ್ರದೇಶದ ಪೂರ್ವ ಭಾಗ ಮತ್ತೆ ಬಿಹಾರದೋರು. ಅರಕಾಟಿ ಅಂತ ಕರೀತಿದ್ದ ದಲ್ಲಾಳಿಗಳು ಹಳ್ಳೀಲಿ, ಸಂತೇಲಿ, ಯಾತ್ರಾಸ್ಥಳದಲ್ಲಿ ನಿಂತು ಒಳ್ಳೇ ಸಂಬಳ, ಸುಲಭದ ಕೆಲಸ ಅಂತ ಹೇಳಿ ಡಿಪೋಗೆ ಕರ್ಕೊಂಡು ಹೋಗ್ತಿದ್ರು, ಅಲ್ಲಿ ಹೆಬ್ಬೆಟ್ಟು ಒತ್ತಿದ್ರೆ ಐದು ವರ್ಷ ಜೀತ. ಈ ಸಾಗಾಟ ನಿಂತಿದ್ದು 1917ರಲ್ಲಿ, ಹಾಗಾಗಿ ಆ ಕಾಲದ ಓದುಗರಿಗೆ ಇದು ಹಳೇ ಇತಿಹಾಸ ಅಲ್ಲ, ಪಕ್ಕದ್ಮನೆ ವಿಷಯ. ಈಗ ಮತ್ತೆ ಆ ಸಾಲು ಓದಿ. ಸ್ವಂತ ಸಂಬಂಧಿಕನೇ ದಲ್ಲಾಳಿ ಆದ, ಕಾಕಿ ತನ್ನ ಮನೆ ಒಳಗೇ ಕೂಲಿ ಡಿಪೋ ಸೇರಿದ್ಳು, ವಾಪಸ್ ಬರೋ ಹಡಗಿಲ್ಲ. ಒಂದು ಹೋಲಿಕೇಲಿ ಇಷ್ಟು ಹೇಳ್ಬಿಟ್ಟು ಲೇಖಕರು ಮುಂದಕ್ಕೆ ಹೋಗ್ಬಿಡ್ತಾರೆ, ವಿವರಿಸೋಕೆ ನಿಲ್ಲಲ್ಲ, ಗುಂಪಲ್ಲಿ ಓದ್ತಿದ್ರೆ ನೀವು ಇಲ್ಲಿ ನಿಂತು ಇಷ್ಟನ್ನ ಹೇಳ್ಲೇಬೇಕು.

ಇನ್ನು ಕ್ಯಾರೆಕ್ಟರ್‌ಗಳು. ಒಬ್ಬೊಬ್ಬರಿಗೆ ಒಂದು ಹಾಳೆ ಇಟ್ಕೊಂಡು ಮೂರು ಪ್ರಶ್ನೆ ಬರ್ಕೊಳ್ಳಿ: ಈ ದೃಶ್ಯದಲ್ಲಿ ಇವರಿಗೆ ಏನು ಸಿಗ್ತಿದೆ, ಏನು ಹೋಗ್ಬಿಡುತ್ತೆ ಅಂತ ಹೆದರ್ತಿದ್ದಾರೆ, ಆ ಹೊತ್ತಲ್ಲಿ ಯಾರು ನೋಡ್ತಿದ್ದಾರೆ. ಮೊದಲ ಎರಡು ಎಲ್ಲರೂ ಕೇಳೋ ಪ್ರಶ್ನೆನೇ. ಮೂರನೇದನ್ನ ಬಿಡ್ಬೇಡಿ, ಈ ಕಥೇಲಿ ಬೀಗದ ಕೈ ಇರೋದು ಅಲ್ಲೇ. ಬುದ್ಧಿರಾಮ ಯಾವಾಗ ಸಿಟ್ಟಾಗ್ತಾನೆ? ಬಾಗಿಲಲ್ಲಿ ಯಾರೋ ದೊಡ್ಡ ಮನುಷ್ಯರು ಕೂತಿದ್ದಾಗ ಒಳಗಿಂದ ಕಾಕಿ ಅಳೋ ಸದ್ದು ಬಂದ್ರೆ. ರೂಪಾ ಬೈಯ್ಯೋದು ಯಾವಾಗ? ಮನೆ ತುಂಬ ಜನ ಇದ್ದಾಗ. ಅವಳ ಬೈಗುಳನ ಸರಿಯಾಗಿ ಓದಿ, ಇನ್ನೂ ನೆಂಟರು ಉಂಡಿಲ್ಲ, ದೇವರಿಗೆ ನೈವೇದ್ಯ ಆಗಿಲ್ಲ, ಊರೋರು ನೋಡಿದ್ರೆ ಈ ಮುದುಕಿಗೆ ಹೊಟ್ಟೆಗೇ ಹಾಕಲ್ಲ ಅಂದ್ಕೋತಾರೆ ಅನ್ನೋ ಥರ ಇದೆ, ಪೂರಿ ಖರ್ಚಾಗುತ್ತೆ ಅನ್ನೋ ಮಾತೇ ಅದರಲ್ಲಿ ಮುಖ್ಯ ಅಲ್ಲ. ಅದೇ ರೂಪಾ ಬದಲಾಗೋದು ಯಾರೂ ನೋಡದ ಹೊತ್ತಲ್ಲಿ, ಊರೆಲ್ಲ ಮಲಗಿದ ಮೇಲೆ.

ಬುದ್ಧಿರಾಮನ ಹಾಳೆ ತುಂಬಿಸೋದು ಸ್ವಲ್ಪ ಕಷ್ಟ, ಯಾಕಂದ್ರೆ ಅವನು ಕೆಟ್ಟೋನ ಥರ ಕಾಣಲ್ಲ. ಸಜ್ಜನ, ಆದ್ರೆ ತಿಜೋರಿಗೆ ಕೈ ಬೀಳೋವರೆಗೆ ಮಾತ್ರ. ಈ ಆಸ್ತಿಯಿಂದಾನೇ ತಾನು ಊರಲ್ಲಿ ಮರ್ಯಾದಸ್ಥ ಆಗಿ ಕೂತಿರೋದು ಅಂತ ಅವನಿಗೂ ಆಗಾಗ ಅನ್ಸುತ್ತೆ, ಬೇಜಾರೂ ಆಗುತ್ತೆ, ಒಣ ಮಾತಲ್ಲಿ ಸಮಾಧಾನ ಹೇಳಿ ಮುಗಿಯೋ ಹಾಗಿದ್ರೆ ಹೇಳ್ತಾನೂ ಇದ್ದ, ಆದ್ರೆ ಖರ್ಚು ಬರುತ್ತಲ್ಲ ಅನ್ನೋ ಭಯಕ್ಕೆ ಆ ಒಳ್ಳೇ ಯೋಚನೆ ಅಲ್ಲೇ ಅಡಗುತ್ತೆ. ನನ್ನ ಕೇಳಿದ್ರೆ ಇಡೀ ಕಥೇಲಿ ಅತಿ ಗಟ್ಟಿ ಸ್ವಾರ್ಥ ಇವನದೇ, ಯಾಕಂದ್ರೆ ಇದಕ್ಕೆ ಗಲಾಟೆ ಬೇಕಾಗಿಲ್ಲ, ಸುಮ್ನಿದ್ರೆ ಸಾಕು. ನೆಂಟರು ಉಣ್ತಿರೋ ಅಂಗಳಕ್ಕೆ ಕಾಕಿ ತೆವಳ್ಕೊಂಡು ಬಂದಾಗ ಇವನ ಕೈಯಲ್ಲಿ ಪೂರಿ ತಟ್ಟೆ ಇರುತ್ತೆ, ಅದನ್ನ ಕೆಳಗೆ ಎಸೆದು, ಓಡಿಹೋಗಿದ್ದ ಸಾಲಗಾರ ಸಿಕ್ಕಾಗ ಸಾಹುಕಾರ ಹಿಡಿಯೋ ಹಾಗೆ ಅವಳ ಕೈ ಹಿಡ್ಕೊಂಡು ಎಳೀತಾನೆ. ಆ ಹೋಲಿಕೇಲಿ ಸಾಲಗಾರ ಯಾರು, ಸಾಹುಕಾರ ಯಾರು ಅಂತ ಗುಂಪಲ್ಲಿ ಕೇಳಿ ನೋಡಿ. ನಿಜವಾಗಿ ಸಾಲ ತೀರಿಸ್ಬೇಕಾಗಿದ್ದೋನು ಅವನು, ಲೇಖಕರು ಅದನ್ನ ಬೇಕಂತಲೇ ತಿರುಗಿಸಿ ಇಟ್ಟಿದ್ದಾರೆ.

ರೂಪಾ ಬಗ್ಗೆ ಮಾತಾಡುವಾಗ ತುಂಬ ಹುಷಾರಾಗಿರಿ. ನಮ್ಮಲ್ಲಿ ಯಾವ ಮನೆ ಜಗಳದ ಕಥೆ ಬಂದ್ರೂ ಹೊರಗಿಂದ ಬಂದ ಹೆಂಗಸಿನ ತಲೆಗೆ ಕಟ್ಟಿ ಎದ್ದು ಹೋಗೋ ಅಭ್ಯಾಸ ಇದೆ, ಓದುಬಳಗದಲ್ಲಿ ಮೊದಲು ಬರೋ ಮಾತೂ ಅದೇ. ತಪ್ಪು ಗಂಡಂದೋ ಹೆಂಡ್ತೀದೋ ಅಂತ ತೀರ್ಮಾನ ಮಾಡೋದು ಸುಲಭ ಅಲ್ಲ ಅಂತ ಪ್ರೇಮಚಂದ್ ಶುರುವಲ್ಲೇ ಬರೆದಿದ್ದಾರೆ, ಆ ಸಾಲು ತೋರ್ಸಿ. ಆಮೇಲೆ ತಿಲಕದ ಸಂಜೆ ರೂಪಾ ಏನೇನು ಮಾಡ್ತಿದ್ಳು ಅಂತ ಒಂದೊಂದಾಗಿ ಓದ್ಸಿ. ಆ ಕೋಣೆಗೊಂದ್ಸಲ, ಈ ಕೋಣೆಗೊಂದ್ಸಲ, ಬಾಣಲೆ ಹತ್ರ, ಉಗ್ರಾಣಕ್ಕೆ, ಒಬ್ಬ ಬಂದು ಠಂಡಾಯಿ (ತಂಪು ಪಾನೀಯ) ಕೇಳ್ತಾನೆ, ಇನ್ನೊಬ್ಬ ಭಾಟನಿಗೆ (ಹೊಗಳಿ ಹಾಡೋನಿಗೆ) ಏನಾದ್ರೂ ಕೊಡಿ ಅಂತಾನೆ, ಒಂದು ಲೋಟ ನೀರು ಕುಡಿಯೋಕೂ ಬಿಡುವಿಲ್ಲ, ಬಾಯಾರ್ತಿದೆ, ಸೆಕೆ, ಸಿಟ್ಟು ಮಾಡ್ಕೊಳ್ಳೋಕೂ ಆಗಲ್ಲ, ಇಷ್ಟಕ್ಕೇ ಸಿಟ್ಟಿಗೆದ್ಲಾ ಅಂತ ಅಕ್ಕಪಕ್ಕದ ಹೆಂಗಸರು ಆಡ್ಕೋತಾರೆ ಅಂತ ಭಯ. ಮದುವೆ ಮನೇಲಿ ಅಡುಗೆ ಮನೆ ಕಡೆ ಓಡಾಡಿದ ಯಾವ ಹೆಂಗಸಿಗೂ ಇದನ್ನ ವಿವರಿಸಬೇಕಾಗಿಲ್ಲ. ಅದೇ ಹೊತ್ತಿಗೆ ಕಾಕಿ ಬಾಣಲೆ ಪಕ್ಕ ಕೂತಿರೋದು ಕಣ್ಣಿಗೆ ಬೀಳುತ್ತೆ. ಅವಳು ಮಾಡಿದ್ದು ಕ್ರೂರ ಕೆಲಸನೇ, ಎಲ್ಲರೆದುರು ಎರಡೂ ಕೈಯಿಂದ ಹಿಡಿದು ಅಲ್ಲಾಡ್ಸಿ, ನಿನ್ನ ಹೊಟ್ಟೆಗೆ ಬೆಂಕಿ ಬೀಳ ಅನ್ನೋ ಮಟ್ಟಕ್ಕೆ ಬೈದಳು, ಅದನ್ನ ಮುಚ್ಚಿಡೋದು ಬೇಡ, ಆದ್ರೆ ಕ್ರೌರ್ಯ ಎಲ್ಲಿಂದ ಬಂತು ಅಂತ ನೋಡಿದ್ರೆ ಅದು ಬುದ್ಧಿರಾಮನದ್ದಕ್ಕಿಂತ ಬೇರೆ ಜಾತಿದು ಅಂತ ಗೊತ್ತಾಗುತ್ತೆ. ಇನ್ನೊಂದು ವಿಷಯ, ಆಸ್ತಿ ಪತ್ರದಲ್ಲಿ ರೂಪಾ ಹೆಸರಿಲ್ಲ, ಭರವಸೆ ಕೊಟ್ಟೋಳೂ ಅವಳಲ್ಲ, ಆದ್ರೆ ಗಂಡ ಕೊಟ್ಟ ಮಾತನ್ನ ದಿನಾ ಮೂರು ಹೊತ್ತು ತಟ್ಟೇಲಿ ಹಾಕ್ಬೇಕಾದೋಳು ಅವಳೇ.

ಈಗ ಕಾಕಿ. ಅವಳನ್ನ ದೇವತೆ ಮಾಡ್ಬೇಡಿ, ಮಾಡಿದ್ರೆ ಕಥೆ ತೆಳು ಆಗುತ್ತೆ. ಲಾಡ್ಲಿ ತನ್ನ ಪಾಲಿನ ತಿಂಡಿನ ಅಣ್ಣಂದಿರ ಕೈಗೆ ಸಿಗದ ಹಾಗೆ ಕಾಕಿ ಹತ್ರ ಬಂದು ಕೂತು ತಿಂತಿದ್ಳು, ಅಣ್ಣಂದಿರ ಕಾಟಕ್ಕೆ ಅದೊಂದೇ ಆಸರೆ, ಆದ್ರೆ ಕಾಕಿಗೆ ತಿಂಡಿ ಆಸೆ ಜಾಸ್ತಿ, ಅವಳಿಗೂ ಪಾಲು ಕೊಡ್ಬೇಕು, ಹಾಗಾಗಿ ಆ ಆಸರೆ ಲಾಡ್ಲಿಗೆ ದುಬಾರಿನೇ ಬೀಳ್ತಿತ್ತು ಅಂತ ಲೇಖಕರೇ ಹೇಳ್ತಾರೆ. ಇಬ್ಬರಿಗೂ ಲಾಭ ಇತ್ತು, ಆ ಲಾಭದಿಂದಾನೇ ಪ್ರೀತಿ ಹುಟ್ತು ಅನ್ನೋದು ಕಥೆಯ ಮಾತು. ಸ್ವಾರ್ಥ ಅಂದ್ರೆ ಬರೀ ಕೆಟ್ಟದ್ದು ಅಂತ ಬರ್ಕೊಂಡು ಹೋಗೋರಿಗೆ ಈ ಜಾಗದಲ್ಲಿ ತೊಡಕಾಗುತ್ತೆ, ಆಗ್ಲಿ ಬಿಡಿ. ಆ ಮನೇಲಿ ಉಳಿದೋರೆಲ್ಲರ ಸ್ವಾರ್ಥ ಒಬ್ಬರಿಂದ ಒಬ್ಬರನ್ನ ದೂರ ಮಾಡಿದ್ರೆ ಈ ಮುದುಕಿ ಮಗು ಇಬ್ಬರದ್ದು ಮಾತ್ರ ಹತ್ರ ತರುತ್ತೆ, ಯಾಕೆ ಹೀಗೆ ಅಂತ ಕೇಳಿದ್ರೆ ಒಳ್ಳೇ ಚರ್ಚೆ ಶುರುವಾಗುತ್ತೆ. ಇಬ್ಬರ ಕೈಯಲ್ಲೂ ಅಧಿಕಾರ ಇಲ್ಲ, ಇಬ್ಬರೂ ಅದೇ ಹುಡುಗರ ಕೈಯಲ್ಲಿ ಚಿವುಟಿಸ್ಕೊಳ್ಳೋರು, ಅಂತ ನನ್ನ ಉತ್ತರ.

ಲಾಡ್ಲಿ ರಾತ್ರಿ ಬರೋ ಭಾಗನ ಮಾತ್ರ ನಿಧಾನಕ್ಕೆ ಓದಿ, ಒಂದೊಂದು ಸಾಲಿಗೂ ನಿಂತು. ತನ್ನ ಪಾಲಿನ ಪೂರಿ ಒಂದನ್ನೂ ತಿನ್ನದೆ ಗೊಂಬೆ ಪೆಟ್ಟಿಗೇಲಿ ಬಚ್ಚಿಟ್ಟಿದ್ದಾಳೆ. ರಾತ್ರಿ ಹನ್ನೊಂದಾಗಿದೆ, ಅಮ್ಮ ಅಂಗಳದಲ್ಲಿ ಮಲಗಿದ್ದಾಳೆ, ಎದುರಿನ ಬೇವಿನ ಮರದ ಮೇಲೆ ಹನುಮಂತ ಕೂತ ಹಾಗೆ, ಬಾಲ ಗದೆ ಎಲ್ಲ ಕಂಡ ಹಾಗೆ ಆಗಿ ಮಗು ಕಣ್ಣು ಮುಚ್ಕೊಳ್ಳುತ್ತೆ, ಅಷ್ಟರಲ್ಲಿ ಒಂದು ನಾಯಿ ಎದ್ದು ಕೂರುತ್ತೆ, ಅದನ್ನ ನೋಡಿ ಧೈರ್ಯ ಬರುತ್ತೆ. ಪೂರಿ ತಂದಿದ್ದೀನಿ ಅಂದಾಗ ಕಾಕಿ ಕೇಳೋ ಮೊದಲ ಪ್ರಶ್ನೆ, ನಿಮ್ಮಮ್ಮ ಕೊಟ್ಳಾ ಅಂತ. ಹಸಿವಲ್ಲಿ ಸಾಯ್ತಿರೋಳಿಗೆ ಯಾರು ಕೊಟ್ಟಿದ್ದು ಅನ್ನೋದು ಯಾಕೆ ಬೇಕಿತ್ತು? ಅವಳಿಗೆ ಪೂರಿ ಜೊತೆ ಇನ್ನೇನೋ ಬೇಕಿತ್ತು, ಮನೆಯೋರು ತನ್ನನ್ನ ನೆನೆಸ್ಕೊಂಡು ಕಳಿಸಿದ್ರು ಅನ್ನೋ ಮಾತು ಬೇಕಿತ್ತು. ಅಲ್ಲ, ಇದು ನನ್ನ ಪಾಲಿಂದು ಅಂತ ಮಗು ಹೇಳುತ್ತೆ. ಐದೇ ನಿಮಿಷದಲ್ಲಿ ಪೆಟ್ಟಿಗೆ ಖಾಲಿ. ಹೊಟ್ಟೆ ತುಂಬ್ತಾ ಅಂತ ಮಗು ಕೇಳುತ್ತೆ, ಆದ್ರೆ ನೀನು ತಿಂದ್ಯಾ ಮಗಾ ಅಂತ ಕಾಕಿ ಕೇಳಲ್ಲ. ಇದನ್ನ ಗಮನಿಸಿದೋರು ಕಾಕಿ ಮೇಲೆ ಸಿಟ್ಟಾಗ್ತಾರೆ, ಸಿಟ್ಟಾದ್ರೂ ಸರಿ, ಆಮೇಲೆ ಒಂದ್ಸಲ ಯೋಚ್ನೆ ಮಾಡ್ಲಿ, ಇನ್ನೊಬ್ಬರ ಹೊಟ್ಟೆ ವಿಚಾರಿಸೋ ಶಕ್ತಿನ ಅವಳ ಕೈಯಿಂದ ಕಿತ್ಕೊಂಡೋರು ಯಾರು ಅಂತ. ಒಂದು ಕಾಲದಲ್ಲಿ ತನಗಿದ್ದಿದ್ದೆಲ್ಲ ಬರೆದುಕೊಟ್ಟೋಳು ಅವಳು.

ಊರೋರ ಹಾಳೆ ಚಿಕ್ಕದು, ಆದ್ರೆ ಬಿಡ್ಬೇಡಿ. ಅಂಗಳಕ್ಕೆ ಕಾಕಿ ಬಂದಾಗ ನೆಂಟರು ಇದ್ಯಾರು ಮುದುಕಿ, ಯಾರನ್ನೂ ಮುಟ್ಟದ ಹಾಗೆ ನೋಡ್ಕೊಳ್ಳಿ ಅಂತ ಎಗರಿ ಬೀಳ್ತಾರೆ. ಅವರಲ್ಲೇ ಒಬ್ಬ ಎಲೇಲಿ ಪೂರಿ ಮಿಕ್ಕೋಗ್ತಿದೆ, ಹೇಗಾದ್ರೂ ಒಳಗೆ ಸೇರಿಸ್ಕೋಬೇಕು ಅನ್ನೋ ಯೋಚನೇಲಿದ್ದ, ಇನ್ನೊಬ್ಬನಿಗೆ ಇನ್ನಷ್ಟು ಮೊಸರು ಬೇಕಿತ್ತು, ಕೇಳೋಕೆ ಸಂಕೋಚ. ಅಂದ್ರೆ ಎಲ್ಲರಿಗೂ ಕಾಕಿಗಿದ್ದ ಆಸೆನೇ, ಎಲೆ ಮುಂದೆ ಕೂತೋರದ್ದು ಮಾತ್ರ ಯಾರ ಕಣ್ಣಿಗೂ ತಪ್ಪಾಗಿ ಕಾಣಲ್ಲ. ಆಮೇಲೆ ಉಂಡೋರ ಪಟ್ಟಿ ಬರುತ್ತೆ, ನೆಂಟರು, ಮನೆಯೋರು, ವಾದ್ಯದೋರು, ಅಗಸರು, ಚಮ್ಮಾರರು ಕೂಡ ಉಂಡ್ರು, ಕಾಕಿನ ಮಾತ್ರ ಯಾರೂ ಕೇಳ್ಲಿಲ್ಲ. ಆ ಕಾಲದ ಜಾತಿ ಸಾಲಲ್ಲಿ ಯಾರು ಕಡೇಗೆ ಉಣ್ತಿದ್ರು ಅನ್ನೋದು ಆ ಪಟ್ಟೀಲೇ ಇದೆ, ಕ್ಲಾಸಲ್ಲಿ ಇದನ್ನ ಸುಮ್ನೆ ಓದಿ ಮುಂದೆ ಹೋಗೋದು ಸರಿಯಲ್ಲ, ನಿಂತು ಮಾತಾಡಿ. ಕೊನೇ ದೃಶ್ಯದಲ್ಲೂ ರೂಪಾ ಎದೆ ನಡುಗೋದು ಒಬ್ಬ ಬ್ರಾಹ್ಮಣ ಹೆಂಗಸು ಬೇರೆಯೋರ ಎಂಜಲೆಲೆ ತಡಕ್ತಿದ್ದಾಳಲ್ಲ ಅಂತ. ಅವಳನ್ನ ಅಲ್ಲಾಡಿಸಿದ್ದು ಹಸಿವಾ, ಎಂಜಲಾ, ಜಾತಿ ಕೆಟ್ಟಿದ್ದಾ? ಮೂರೂ ಸೇರಿದೆ, ಅದನ್ನ ಬಿಡಿಸಿ ನೋಡೋ ಕೆಲಸ ಓದುಗರದ್ದು.

ಇನ್ನು ಆ ಕೊನೇ ದೃಶ್ಯ. ಇಲ್ಲಿ ಗುಂಪು ಎರಡಾಗೋ ಹಾಗೆ ಬಿಡಿ. ರೂಪಾ ಆಕಾಶಕ್ಕೆ ಕೈಯೆತ್ತಿ ಮೊದಲು ಬೇಡ್ಕೊಳ್ಳೋದು ಕಾಕಿಗೋಸ್ಕರ ಅಲ್ಲ, ನನ್ನ ಮಕ್ಕಳ ಮೇಲೆ ದಯೆ ಇಡು, ಈ ಅಧರ್ಮದ ಶಿಕ್ಷೆ ನನಗೆ ಕೊಡ್ಬೇಡ ಅಂತ. ಊಟ ತಂದಿಟ್ಟ ಮೇಲೂ, ದೇವರು ನನ್ನ ಕ್ಷಮಿಸ್ಲಿ ಅಂತ ನೀನು ಬೇಡ್ಕೋ ಅಂತ ಕಾಕಿಗೇ ಹೇಳ್ತಾಳೆ. ಇದು ಪಶ್ಚಾತ್ತಾಪನಾ, ಪಾಪದ ಭಯನಾ? ಭಯ ಅನ್ನೋರ ಹತ್ರ ಈ ಸಾಲುಗಳಿವೆ. ಪಶ್ಚಾತ್ತಾಪ ಅನ್ನೋರು ಅದರ ಮಧ್ಯೆ ಇರೋ ಭಾಗನ ಓದ್ಲಿ, ನೂರಾರು ಜನಕ್ಕೆ ಊಟ ಹಾಕಿದ್ವಿ, ಹೆಸರಿಗೋಸ್ಕರ ನೂರಾರು ರೂಪಾಯಿ ಸುರಿದ್ವಿ, ಯಾರಿಂದ ನಾವು ಸಾವಿರಾರು ರೂಪಾಯಿ ತಿಂದ್ವೋ ಅವಳಿಗೆ ಮಾತ್ರ ಹೊಟ್ಟೆ ತುಂಬ ಹಾಕ್ಲಿಲ್ಲ ಅಂತ ತನ್ನ ಲೆಕ್ಕ ತಾನೇ ಬಿಚ್ಚಿಡ್ತಾಳಲ್ಲ, ಅಲ್ಲಿ ದೇವರಿಲ್ಲ, ಮಕ್ಕಳಿಲ್ಲ, ಬರೀ ಲೆಕ್ಕ ಇದೆ. ಅಲ್ಲಿ ಅವಳು ಭಯ ದಾಟಿದ್ದಾಳೆ ಅಂತಾನೇ ನಾನು ನಂಬೋದು, ಮುಂದೆ ಮತ್ತೆ ಭಯಕ್ಕೆ ವಾಪಸ್ ಬಂದ್ರೂ. ಚರ್ಚೆ ಮುಗಿಯೋ ಮುಂಚೆ ಇದನ್ನೂ ಕೇಳಿ: ಈ ದೃಶ್ಯದಲ್ಲಿ ಬುದ್ಧಿರಾಮ ಎಲ್ಲಿದ್ದಾನೆ? ಇಲ್ಲ. ತಟ್ಟೆ ಬಂತು, ಕ್ಷಮೆ ಬಂತು, ಜಮೀನಿನ ಪತ್ರದ ಬಗ್ಗೆ ಒಂದಕ್ಷರ ಬರ್ಲಿಲ್ಲ.

ಮನೇಲಿ ಓದೋ ಆಲೋಚನೆ ಇದ್ರೆ ಒಂದೆರಡು ಮಾತು. ಯಾರಿಗೋ ಚುಚ್ಚೋಕೆ ಅಂತ ಈ ಕಥೆ ಓದ್ಬೇಡಿ, ಅತ್ತೆ ಎದುರಲ್ಲಿ ಸೊಸೆಗೋ, ಅಣ್ಣನ ಎದುರಲ್ಲಿ ಅತ್ತಿಗೆಗೋ ಕೇಳ್ಲಿ ಅಂತ ಓದಿದ್ರೆ ಇರೋ ಬಿರುಕು ದೊಡ್ಡದಾಗುತ್ತೆ ಅಷ್ಟೇ. ವಯಸ್ಸಾದೋರು ಕೂತು ಕೇಳ್ತಿದ್ರೆ ಓದಿದ ಕೂಡ್ಲೇ ಪ್ರಶ್ನೆ ಕೇಳ್ಬೇಡಿ, ಅವರಾಗಿ ಏನಾದ್ರೂ ಹೇಳಿದ್ರೆ ಕೇಳಿಸ್ಕೊಳ್ಳಿ, ಹೇಳದಿದ್ರೆ ಕಾಫಿ ಕೊಟ್ಟು ಬೇರೆ ಮಾತಿಗೆ ಹೋಗಿ. ಮಕ್ಕಳ ಜೊತೆ ಓದಿದ್ರೆ ಲಾಡ್ಲಿಯಿಂದ ಶುರು ಮಾಡಿ, ಅವರಿಗೆ ಬೇವಿನ ಮರದ ಹನುಮಂತ ತಕ್ಷಣ ಅರ್ಥ ಆಗ್ತಾನೆ.

ಕಥೆ ಕೇಳಿದೋರು ಯಾರಾದ್ರೂ ತಮ್ಮ ಮನೇಲೂ ಹೀಗೇ ಬರೆದುಕೊಟ್ಟಿದ್ದೀವಿ ಅಂದ್ರೆ, ಸಮಾಧಾನದ ಮಾತಿಗಿಂತ ಮಾಹಿತಿ ಉಪಯೋಗಕ್ಕೆ ಬರುತ್ತೆ. ಕಾಕಿ ಕಾಲದಲ್ಲಿ ಇಲ್ಲದ್ದೊಂದು ಈಗ ನಮ್ಮಲ್ಲಿದೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣ ಕಾಯ್ದೆ. 60 ದಾಟಿದೋರು, ಮಕ್ಕಳಿಲ್ಲದಿದ್ರೂ, ತಮ್ಮ ಆಸ್ತಿ ಯಾರ ಕೈಯಲ್ಲಿದೆಯೋ ಅಥವಾ ಯಾರಿಗೆ ವಾರಸುದಾರಿಕೆಯಲ್ಲಿ ಹೋಗುತ್ತೋ ಆ ಸಂಬಂಧಿಕರಿಂದ ಜೀವನಾಂಶ ಕೇಳ್ಬಹುದು, ಅಂದ್ರೆ ಬುದ್ಧಿರಾಮನಂಥೋರೂ ಇದರೊಳಗೆ ಬರ್ತಾರೆ. 23ನೇ ಕಲಂ ಪ್ರಕಾರ, ನೋಡ್ಕೋಬೇಕು ಅನ್ನೋ ಷರತ್ತಿನ ಮೇಲೆ ದಾನಪತ್ರ ಮಾಡಿಕೊಟ್ಟು ಆಮೇಲೆ ನೋಡ್ಕೊಳ್ಳದೇ ಹೋದ್ರೆ ಆ ಪತ್ರ ರದ್ದು ಮಾಡೋಕೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕ್ಬಹುದು, ಕಾಯ್ದೆ ಜಾರಿಗೆ ಬಂದ್ಮೇಲೆ ಆದ ಪತ್ರಗಳಿಗೆ ಮಾತ್ರ ಇದು. ನಮ್ಮ ರಾಜ್ಯದಲ್ಲಿ ಎ.ಸಿ. (ಅಸಿಸ್ಟೆಂಟ್ ಕಮಿಷನರ್) ಆಫೀಸಲ್ಲಿ ಈ ಟ್ರಿಬ್ಯೂನಲ್ ನಡೆಯುತ್ತೆ. ಆದ್ರಿಂದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋ ಮುಂಚೆನೇ ಊಟ, ಔಷಧಿ, ಇರೋಕೆ ಜಾಗ ಅಂತ ಷರತ್ತನ್ನ ಪತ್ರದಲ್ಲೇ ಸ್ಪಷ್ಟವಾಗಿ ಬರೆಸ್ಬೇಕು, ಬಾಯಿಮಾತಿನ ಭರವಸೆ ಮೇಲೆ ಸಹಿ ಹಾಕ್ಬಾರ್ದು. ಹಿರಿಯರಿಗೆ ಅಂತಾನೇ 14567 ಅನ್ನೋ ಸಹಾಯವಾಣಿ ಇದೆ, ನಂಬರ್ ಮನೆ ಗೋಡೆ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿ.

ಬರೆಯೋ ವಿಷಯಕ್ಕೆ ಬಂದ್ರೆ, ಸ್ಟೂಡೆಂಟ್ಸ್ ಮಾಡೋ ದೊಡ್ಡ ಎಡವಟ್ಟು ಅಂದ್ರೆ ರೂಪಾ ಸ್ವಾರ್ಥಿ, ಕಾಕಿ ಮುಗ್ಧೆ, ಹಿರಿಯರನ್ನು ಗೌರವಿಸಬೇಕೆಂದು ಈ ಕಥೆ ತಿಳಿಸುತ್ತದೆ ಅಂತ ಮೂರು ಸಾಲಲ್ಲಿ ಮುಗಿಸೋದು. ಇದನ್ನ ಕಥೆ ಓದದೇನೂ ಬರೀಬಹುದು. ಅದರ ಬದಲು ಒಂದು ದೃಶ್ಯ ಹಿಡೀರಿ. ಉದಾಹರಣೆಗೆ ಹೀಗೆ ಶುರು ಮಾಡಿ: ಬಾಣಲೆಯ ಪಕ್ಕ ಕೂತ ಕಾಕಿಯನ್ನು ಬೈಯುವಾಗ ರೂಪಾಳ ಬಾಯಲ್ಲಿ ಬರುವುದು ಊರಿನವರ ಮಾತು, ಕಾಕಿಯ ಹಸಿವು ಅವಳಿಗೆ ಮನೆಯ ಮರ್ಯಾದೆಯ ಪ್ರಶ್ನೆಯಾಗಿ ಮಾತ್ರ ಕಾಣುತ್ತದೆ. ಆಮೇಲೆ ಇದೇ ರೂಪಾ ರಾತ್ರಿ ಒಬ್ಬಳೇ ಇದ್ದಾಗ ಏನು ಮಾಡಿದಳು ಅಂತ ಪಕ್ಕಕ್ಕಿಡಿ, ಎರಡರ ಮಧ್ಯೆ ಏನು ಬದಲಾಯ್ತು, ಏನು ಬದಲಾಗ್ಲಿಲ್ಲ ಅಂತ ಬರೀರಿ. ಕಥೆ ಸಾರಾಂಶ ಎರಡು ಸಾಲಿಗಿಂತ ಜಾಸ್ತಿ ಬೇಡ, ನೋಡೋ ಮೇಷ್ಟ್ರಿಗೆ ಕಥೆ ಗೊತ್ತಿರುತ್ತೆ. ಹೋಲಿಕೆಗಳನ್ನ ಬಿಡ್ಬೇಡಿ, ರೂಪಾ ಕಾಕಿ ಮೇಲೆ ಎರಗೋದನ್ನ ಕಪ್ಪೆ ಎರೆಹುಳದ ಮೇಲೆ ಎರಗಿದ ಹಾಗೆ ಅಂತ ಬರೆದ ಲೇಖಕರು, ಅದೇ ರೂಪಾಗೆ ಎಂಜಲೆಲೆ ದೃಶ್ಯ ನೋಡಿದಾಗ, ಹಸುವಿನ ಕುತ್ತಿಗೆ ಮೇಲೆ ಚೂರಿ ಹರಿಯೋದನ್ನ ನೋಡಿದ್ರೆ ಹೇಗಾಗ್ತಿತ್ತೋ ಹಾಗಾಯ್ತು ಅಂತಾರೆ, ಈ ಎರಡು ಹೋಲಿಕೆ ನಡುವಿನ ದೂರದ ಬಗ್ಗೆನೇ ಒಂದು ಪುಟ ಬರೀಬಹುದು.

ಇಷ್ಟೆಲ್ಲ ಆದ್ಮೇಲೆ ಒಂದು ಅಭ್ಯಾಸ ಮಾಡಿ, ಗುಂಪಲ್ಲಿದ್ರೆ ಎಲ್ಲರೂ ಮಾಡಿ. ತಿಲಕದ ಮಾರನೇ ದಿನ ಬೆಳಿಗ್ಗೆನ ಬುದ್ಧಿರಾಮನ ಬಾಯಿಂದ ಒಂದು ಪುಟ ಬರೀರಿ. ರಾತ್ರಿ ನಡೆದಿದ್ದನ್ನ ರೂಪಾ ಅವನಿಗೆ ಹೇಳ್ತಿದ್ದಾಳೆ, ಅವನು ಕೇಳ್ತಾ ಕೂತಿದ್ದಾನೆ. ಅವನನ್ನ ರಾಕ್ಷಸ ಮಾಡ್ಬೇಡಿ, ಒಂದೇ ರಾತ್ರೀಲಿ ಸಂತನನ್ನೂ ಮಾಡ್ಬೇಡಿ, ಆ 200 ರೂಪಾಯಿ ಮಾತು ಪುಟದಲ್ಲಿ ಎಲ್ಲಾದ್ರೂ ಬರ್ಲೇಬೇಕು, ಮತ್ತೆ ಒಳಗಿಂದ ಕಾಕಿ ಬೆಳಗಿನ ತಿಂಡಿಗೆ ಕೂಗೋದೂ ಬರ್ಬೇಕು. ಬರೆದಿದ್ದನ್ನ ಹೆಸರು ಹಾಕದೆ ಒಂದು ಕಡೆ ಸೇರಿಸಿ, ಒಬ್ಬರು ಎಲ್ಲವನ್ನೂ ಜೋರಾಗಿ ಓದ್ಲಿ, ಯಾರು ಬರೆದಿದ್ದು ಅಂತ ಯಾರೂ ಕೇಳೋದು ಬೇಡ.